ಕರೆಯದೆ ಇಟ್ಟುಕೊಂಡ ಹೆಸರು

ಯುದ್ಧ ಮುಗಿದು ಒಸಾಕಾದಲ್ಲಿ ಬೇಸ್‌ಬಾಲ್ ಮತ್ತೆ ಶುರುವಾದ ಮೇಲೆ ನಿಶಿವಾಕಿ ತಾಮೆಜಿರೊನನ್ನು ಬೈಯದ ಪ್ರೇಕ್ಷಕರೇ ಇರಲಿಲ್ಲ. ಮೈದಾನದ ಧ್ವನಿವರ್ಧಕದ ಮುಂದೆ ಕೂರುವ ಈ ಮುದುಕ ಜನ ಉಸಿರು ಬಿಗಿಹಿಡಿದ ಗಳಿಗೆಯಲ್ಲೇ ಅಡ್ಡಬಾಯಿ ಹಾಕುತ್ತಿದ್ದ. ಯಾರದೋ ಹೆಂಡತಿಗೆ ಹೆರಿಗೆ ನೋವು, ಯಾರದೋ ಜೇಬಲ್ಲಿ ಅಂಗಡಿಯ ಬೀಗದಕೈ. ಚೀಟಿ ಕೈಗೆ ಬಂದರೆ ಸಾಕು, ಓದಿಯೇ ಬಿಡುವನು.

"ಆ ಮುದುಕನ ಬಾಯಿಗೆ ಅನ್ನದುಂಡೆ ತುರುಕ್ರೋ" ಎಂದು ಹಿಂದಿನ ಸಾಲಿನವರು ಕೂಗುತ್ತಿದ್ದರು. ಅವನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮೊದಲು ಅವನು ಹೀಗಿರಲಿಲ್ಲ. 1944ರ ಮೇ ತಿಂಗಳು, ಒಸಾಕಾದ ಹಿಬಾರಿ ತಂಡಕ್ಕೂ ಟೋಕಿಯೊದ ಕುರೊಗಾನೆಗೂ ಆಟ. ಎರಡಕ್ಕೂ ಹಾವು ಮುಂಗುಸಿ ಸಂಬಂಧ. ಇಂಗ್ಲಿಷ್ ಶತ್ರುವಿನ ಭಾಷೆಯಾಗಿದ್ದರಿಂದ ಅಂಪೈರ್ ಒಳ್ಳೆಯ ಎಸೆತಕ್ಕೆ "ಸರಿ", ಕೆಟ್ಟದ್ದಕ್ಕೆ "ಆಗದು" ಎನ್ನುತ್ತಿದ್ದ. ಆಟದ ನಡುವೆ ಯಾರಿಗಾದರೂ ಸೈನ್ಯಕ್ಕೆ ಕರೆಯುವ ಕೆಂಪು ಚೀಟಿ ಬಂದರೆ ತಾಮೆಜಿರೊ ಹೆಸರು ಕರೆದು ಅಭಿನಂದನೆ ಹೇಳಬೇಕು. ಜನ ಎದ್ದು ಚಪ್ಪಾಳೆ ತಟ್ಟುವರು, ಆ ಮನುಷ್ಯ ಬಾಗಿ ನಮಸ್ಕರಿಸಿ ಹೊರಟುಹೋಗುವನು. ಸಾಯಲು ಹೋಗುವವನಿಗೆ ಅಭಿನಂದನೆಯಂತೆ. ಹೆಸರು ಕರೆದ ಮೇಲೆ ತಾಮೆಜಿರೊ ಒಂದು ಸಲವೂ ಮೈದಾನದ ಕಡೆ ನೋಡುತ್ತಿರಲಿಲ್ಲ.

ಅಂದು ಎರಡು ಗಂಟೆಗೆ ಬಂದ ತಂತಿಯಲ್ಲಿದ್ದ ಹೆಸರು ಉರಾಗಾಮಿ ಸೆನ್‌ಜಿ. ಆ ಹುಡುಗ ಮೈದಾನದ ನಡುವೆಯೇ ನಿಂತು ಹಿಬಾರಿಗಾಗಿ ಚೆಂಡು ಎಸೆಯುತ್ತಿದ್ದ. ಏಳು ಸರದಿ ಮುಗಿದರೂ ಕುರೊಗಾನೆಯವರ ಒಂದು ಹೊಡೆತವೂ ಫಲಿಸಿರಲಿಲ್ಲ. ಉಳಿದ ಎರಡು ಸರದಿಯೂ ಹೀಗೇ ದಾಟಿದರೆ, ಅದು ಎಸೆಗಾರನಿಗೆ ಜನ್ಮಕ್ಕೊಮ್ಮೆ ಸಿಗುವ ಕೀರ್ತಿ. ಒಕಾಯಾಮಾದಾಚೆಯ ಬೆಟ್ಟದೂರಿನಿಂದ ತಂತಿ ಕಳಿಸಿದವಳು ಅವನ ತಾಯಿ: ಕೆಂಪು ಚೀಟಿ ಬಂದಿದೆ, ನಾಳೆ ಬೆಳಗ್ಗೆಯೇ ಒಕಾಯಾಮಾದ ದಂಡಿಗೆ ಹಾಜರಾಗಬೇಕು, ಮಧ್ಯಾಹ್ನದ ರೈಲಿಗೆ ಮನೆಗೆ ಬಾ.

"ಓದ್ರೀ ನಿಶಿವಾಕಿಯವ್ರೇ" ಎಂದ ಪಕ್ಕದಲ್ಲಿ ಅಂಕ ಬರೆಯುತ್ತಿದ್ದ ಮಿಜೊಗುಚಿ. "ಎರಡೂವರೆ ಗಾಡಿ ತಪ್ಪಿಹೋಗತ್ತೆ."

"ಅದರ ಹಿಂದೇನೇ ಇನ್ನೊಂದು ಬರತ್ತಲ್ಲಪ್ಪ. ಅರ್ಧ ಗಂಟೇಲಿ ಏನು ಪ್ರಪಂಚ ಮುಳುಗತ್ತೆ?"

ತಾಮೆಜಿರೊ ತಂತಿಯನ್ನು ಚಹಾ ಬಟ್ಟಲಿನ ಕೆಳಗೆ ಇಟ್ಟ. ಅಂಪೈರ್ "ಸರಿ, ಸರಿ" ಎನ್ನುತ್ತಲೇ ಹೋದ. ಕೊನೆಯ ಆಟಗಾರ ಬೀಸಿದ್ದು ಗಾಳಿಗೆ. ಸೆನ್‌ಜಿ ಟೋಪಿ ಎಸೆದು ಮಗುವಿನಂತೆ ಕುಣಿದ.

ಆಮೇಲೆ ತಾಮೆಜಿರೊ ಹೆಸರು ಕರೆದ. ಗೆಲುವಿಗೆ ತಟ್ಟುತ್ತಿದ್ದ ಚಪ್ಪಾಳೆಯೇ ಕೆಂಪು ಚೀಟಿಗೂ ಮುಂದುವರಿಯಿತು.

ಹೊರಡುವ ಮುನ್ನ ಹುಡುಗ ಧ್ವನಿವರ್ಧಕದ ಬಳಿ ಬಂದ. "ತಡ ಮಾಡಿದ್ದು ನೀವಂತೆ. ಉಪಕಾರ ಆಯ್ತು ಯಜಮಾನ್ರೇ. ಮೊದ್ಲೇ ಹೇಳಿದ್ರೆ ಕೈ ನಡುಗಿಬಿಡ್ತಿತ್ತು."

ಮುಂದಿನ ರೈಲು ಸೈನಿಕರನ್ನು ತುಂಬಿಕೊಂಡು ಅವನನ್ನು ಹತ್ತಿಸಿಕೊಳ್ಳದೆ ಹೋಯಿತು. ಅದರ ನಂತರದ್ದು ಒಕಾಯಾಮಾ ಮುಟ್ಟುವಷ್ಟರಲ್ಲಿ ಬೆಟ್ಟದೂರಿನ ಕೊನೆಯ ಗಾಡಿ ಹೊರಟಾಗಿತ್ತು. ಸೆನ್‌ಜಿ ಮನೆ ನೋಡದೆ ನೇರ ದಂಡಿಗೆ ಸೇರಿದ. ಆರು ತಿಂಗಳಿಗೆ ಅವನನ್ನು ಹೊತ್ತ ಸೈನ್ಯದ ಹಡಗು ಮುಳುಗಿತು.

ಯುದ್ಧ ಮುಗಿದ ವರ್ಷವೇ ತಾಮೆಜಿರೊ ಆ ಬೆಟ್ಟದೂರಿಗೆ ಹೋದ. ತಾಯಿ ತೊಮೆ ಅವನನ್ನು ಒಳಗೆ ಕೂರಿಸಿ ಬೇಯಿಸಿದ ಗೆಣಸು ಕೊಟ್ಟಳು. ಅವನು ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದ. ಅವಳ ಮನಸ್ಸು ಹಗುರಾಗಲಿ ಎಂದು ಆ ಕೊನೆಯ ಎಸೆತವನ್ನೂ ಚಪ್ಪಾಳೆಯನ್ನೂ ಬಣ್ಣಿಸಿದ.

"ಅವನು ನಗ್ತಿದ್ನಾ?"

"ನಗ್ತಿದ್ದ ತಾಯೀ. ನನಗೆ ಉಪಕಾರ ಅಂದ."

ತೊಮೆ ಒಲೆಯ ಕೆಂಡ ಕೆದಕಿದಳು.

"ಸ್ಟೇಷನ್ನಲ್ಲಿ ನಿಂತಿದ್ದೆ, ಕೊನೇ ಗಾಡಿವರೆಗೂ" ಎಂದಳು. "ನೀವು ಒಳ್ಳೇವ್ರು, ಅವನಿಗೆ ಅರ್ಧ ಗಂಟೆ ಕೊಟ್ರಿ. ಆದ್ರೆ ಕೊಟ್ಟಿದ್ದು ನಂದನ್ನ. ನನ್ನ ಕೇಳ್ಬೇಕಿತ್ತು."