ಒಲೆಯ ಮುಂದಿನ ಹೆಗಲು

ಶಹಾಪುರದ ಒಂದು ಆಸ್ಪತ್ರೆಯಲ್ಲಿ, ಟೈಲ್ಸ್ ನೆಲದ ಮೇಲೆ ಕುಳಿತು, ಹಿಟ್ಟಿಲ್ಲದೆ, ಹಂಚಿಲ್ಲದೆ, ಒಲೆಯಿಲ್ಲದೆ ನಾನು ರೊಟ್ಟಿ ಬಡಿದಿದ್ದೇನೆ.

ನಗಬೇಡಿ ಮೊಮ್ಮಕ್ಕಳೇ. ಬಾಗಿಲು ಹಾಕಿತ್ತು. ನೋಡುವವರು ಇಬ್ಬರೇ ಇದ್ದರು. ಒಬ್ಬಳು ನನ್ನ ಸೊಸೆ ನೀಲಮ್ಮ. ಇನ್ನೊಬ್ಬಳು ಫಿಸಿಯೋಥೆರಪಿ ಮಾಡುವ ಹುಡುಗಿ ಶಬಾನಾ.

(ಈ ಅಂಕಣ ಓದುವ ಎಲ್ಲರನ್ನೂ ನಾನು ಮೊಮ್ಮಕ್ಕಳೇ ಎಂದು ಕರೆಯುವುದು ನಿಮಗೆ ಗೊತ್ತು. ನಿಮ್ಮಲ್ಲಿ ಕೆಲವರಿಗೆ ನನಗಿಂತ ಹೆಚ್ಚು ನರೆ ಬಂದಿದೆ ಎಂದು ನನಗೂ ಗೊತ್ತು. ಇರಲಿ.)

ಅಲ್ಲಿಗೆ ಹೋಗಬೇಕಾಗಿ ಬಂದದ್ದು ನನ್ನ ಬಲಗೈಯಿಂದ. ದೀಪಾವಳಿ ಕಳೆದ ಮೇಲೆ ಮೊದಲು ಕುತ್ತಿಗೆ ಹಿಡಿಯಿತು. ಆಮೇಲೆ ಹೆಗಲು. ಆಮೇಲೆ ಕೈ ಎತ್ತಿದರೆ ಕಿವಿಯವರೆಗೆ ಬಂದು ನಿಲ್ಲತೊಡಗಿತು. ಮೇಲಿನ ಡಬ್ಬಿ ಇಳಿಸಲು ಇನ್ನೊಬ್ಬರು ಬೇಕು. ತಲೆ ಬಾಚಲು ಎಂಟನೇ ತರಗತಿಯ ಮೊಮ್ಮಗಳು ಅಕ್ಷತಾ ಬೇಕು. ಅದನ್ನೆಲ್ಲ ಸಹಿಸಿದೆ. ಆದರೆ ಹತ್ತು ರೊಟ್ಟಿ ಬಡಿಯುವಷ್ಟರಲ್ಲಿ ಕೈ ಕಟ್ಟಿಗೆಯಾದರೆ?

ಅದೂ ಎಳ್ಳ ಅಮಾವಾಸ್ಯೆ ಹತ್ತಿರ ಬರುತ್ತಿರುವಾಗ. ನಮ್ಮ ಕಡೆ ಆ ದಿನ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ನಿಂತ ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಗಿಡದ ನೆರಳಿನಲ್ಲಿ ಸಾಲಾಗಿ ಕುಳಿತು ಊಟ. ಕೆಂಭಾವಿಯ ಬೀಗರು ಬರುತ್ತಾರೆ, ತಿಂಥಣಿಯಿಂದ ನನ್ನ ತಂಗಿಯ ಮನೆಯವರು ಬರುತ್ತಾರೆ. ನಮ್ಮ ದೇವಾಪುರದ ಮನೆಯಿಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ನೂರಾದರೂ ಹೋಗಬೇಕು. ನಲವತ್ತೇಳು ವರ್ಷದಿಂದ ಅವು ನನ್ನ ಕೈಯವು. ಅಂಚು ಕಾಗದದ ಹಾಗೆ ಇರುತ್ತದೆ. ನೀಲಮ್ಮನ ರೊಟ್ಟಿಯೂ ಚೆನ್ನಾಗಿರುತ್ತದೆ, ಅಂಚು ಮಾತ್ರ ಸ್ವಲ್ಪ ದಪ್ಪ. (ಹೇಳದೆ ಇರಲು ನನಗೆ ಆಗುವುದಿಲ್ಲ.)

ಮಗ ನನ್ನ ಕೈ ನೋಡಿ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ. “ಯವ್ವಾ, ನೀ ಇನ್ನ ಆರಾಮ ಕೂಡು. ರೊಟ್ಟಿ ಸುರಪುರದಾಗ ಆರ್ಡರ್ ಕೊಟ್ಟು ಬಿಡ್ತೀನಿ.”

ಆರಾಮ ಕೂಡು! ಎಷ್ಟು ಮೆತ್ತಗಿನ ಮಾತು. ಆದರೆ ಕೇಳಿಸಿಕೊಂಡವಳಿಗೆ ಕುಳಿತ ಮಣೆಯನ್ನೇ ಎಳೆದುಕೊಂಡ ಹಾಗೆ ಆಯಿತು. ನನ್ನ ಯಜಮಾನರು ತೀರಿಕೊಂಡು ಹನ್ನೆರಡು ವರ್ಷ. ಆಗ ಬಂದವರೆಲ್ಲ ಹೋದ ಮೇಲೆ ನಾನು ಎಲ್ಲಿ ಕೂಡಬೇಕು ಎಂಬುದೇ ತಿಳಿಯಲಿಲ್ಲ. ಪಡಸಾಲೆಯಲ್ಲಿ ಕುಳಿತರೆ ನೋಡುವವರ ಕಣ್ಣು. ಒಳಗಿನ ಕೋಣೆಯಲ್ಲಿ ಅವರ ಮಂಚ. ಮನೆಯೆಲ್ಲ ಸುತ್ತಿ ಕೊನೆಗೆ ಒಲೆಯ ಮುಂದೆ ಕುಳಿತೆ. ಅಲ್ಲಿಂದ ಯಾರೂ ಏಳು ಎನ್ನಲಿಲ್ಲ. ಈಗ ಮಗ ಎನ್ನುತ್ತಿದ್ದ.

ಡಾಕ್ಟರು ಎಕ್ಸ್-ರೇ ನೋಡಿದರು. ಎಲುಬು ವಯಸ್ಸಿಗೆ ತಕ್ಕಷ್ಟು ಸವೆದಿದೆ, ಹೆದರುವಂಥದ್ದೇನಿಲ್ಲ, ಫಿಸಿಯೋಥೆರಪಿಗೆ ಹೋಗಿ ಎಂದರು. ನಾನು ಹದಿನೈದು ದಿನ ಹೋಗಲಿಲ್ಲ. ಯಾಕೆ? ಸೆರಗು ಇಳಿಸಿ ಬೆನ್ನು ತೋರಿಸಬೇಕಂತೆ. ಹೆರಿಗೆ ಮಾಡಿಸಿದ ಸೂಲಗಿತ್ತಿಯನ್ನು ಬಿಟ್ಟರೆ ಯಾರಿಗೂ ಬೆನ್ನು ತೋರಿಸಿದವಳಲ್ಲ ನಾನು. ಕೊನೆಗೆ ನೀಲಮ್ಮನೇ ಬಸ್ಸು ಹತ್ತಿಸಿದಳು. ಅಲ್ಲಿರುವುದು ಹುಡುಗಿ, ಗಂಡಸಲ್ಲ, ತಾನು ವಿಚಾರಿಸಿದ್ದೇನೆ ಎಂದಳು.

ಶಬಾನಾ ಶಹಾಪುರದವಳೇ. ಇಪ್ಪತ್ತೈದು ಇಪ್ಪತ್ತಾರು ಇರಬಹುದು. ನನ್ನ ಸೆರಗಿಗೆ ಕೈ ಹಚ್ಚಲೇ ಇಲ್ಲ. ದಿನಾ ಯಾವ ಕೆಲಸ ಹೆಚ್ಚು ಮಾಡುತ್ತೀರಿ ಎಂದು ಕೇಳಿದಳು. ರೊಟ್ಟಿ ಎಂದೆ. ಹಾಗಾದರೆ ಕೆಳಗೆ ಕುಳಿತು ಬಡಿದು ತೋರಿಸಿ ಎಂದಳು.

ಕುಳಿತೆ. ಇಲ್ಲದ ಹಿಟ್ಟನ್ನು ನಾದಿದೆ, ಇಲ್ಲದ ಉಂಡೆ ಮಾಡಿದೆ, ಬಡಿಯಲು ಕೈ ಎತ್ತಿದೆ. ಅಷ್ಟರಲ್ಲೇ ಅವಳು ಮೆಲ್ಲಗೆ ಕೇಳಿದಳು.

“ಯಾರ್ ಬಂದಾರ್ರಿ ಅಮ್ಮಾ?”

ನಾನು ಬಾಗಿಲ ಕಡೆ ನೋಡಿದೆ. ಹಾಕಿಯೇ ಇತ್ತು. “ಯಾರೂ ಬಂದಿಲ್ಲಲ್ಲ ಯವ್ವಾ.”

“ಮತ್ತ ನಿಮ್ ಹೆಗಲ್ಯಾಕ ಎದ್ದು ನಿಂತೈತಿ?”

ಗೋಡೆಗೆ ಕನ್ನಡಿ ಇತ್ತು. ನೋಡಿದೆ. ಬಲಹೆಗಲು ಕಿವಿಯ ಹತ್ತಿರ ಹೋಗಿತ್ತು. ಕೆನ್ನೆ ಅದರ ಮೇಲೆ ಒರಗಿತ್ತು. ಹಲ್ಲು ಕಚ್ಚಿ ಹಿಡಿದಿದ್ದೆ. ಉಸಿರು? ಅದನ್ನೂ ಹಿಡಿದಿದ್ದೆ.

ತನ್ನ ನಾನಿ ಅಜ್ಜಿಯೂ ಹೀಗೇ ಮಾಡುತ್ತಾಳೆ, ಅದಕ್ಕೇ ಕೇಳಿದೆ ಎಂದಳು ಶಬಾನಾ. ಆದರೆ ಯಾರು ಬಂದಿದ್ದಾರೆ ಎಂಬುದು ನನಗೆ ಆಗಲೇ ತಿಳಿದಿತ್ತು.

ನಮ್ಮ ಮಾವ.

ನಾನು ಹದಿನಾರಕ್ಕೆ ಈ ಮನೆಗೆ ಬಂದಾಗ ಅಡುಗೆಮನೆಯ ಬಾಗಿಲಿಗೆ ಎದುರಾಗಿ ಒಂದು ಕಟ್ಟೆ ಇತ್ತು. ಮಾವ ಎಲೆ ಅಡಿಕೆ ಚೀಲ ಹಿಡಿದು ಅಲ್ಲಿ ಬಂದು ಕೂಡುತ್ತಿದ್ದರು. ಕೆಟ್ಟವರಲ್ಲ. ಒಂದು ದಿನವೂ ಬೈದವರಲ್ಲ. ಆದರೆ ಅವರು ಬಂದರೆ ಸೊಸೆಯ ತಲೆಯ ಮೇಲೆ ಸೆರಗು ಇರಬೇಕು. ಎರಡೂ ಕೈ ಹಿಟ್ಟಿನಲ್ಲಿ. ಜಾರುವ ಸೆರಗನ್ನು ಯಾವ ಕೈಯಿಂದ ಎಳೆದುಕೊಳ್ಳುವುದು? ಅತ್ತೆ ಉಪಾಯ ಕಲಿಸಿದರು. ಹೆಗಲು ಎತ್ತಿ, ಕೆನ್ನೆ ಒತ್ತಿ, ನಡುವೆ ಸೆರಗನ್ನು ಹಿಡಿದುಕೊಳ್ಳಬೇಕು. ಉಸಿರು ಜೋರಾಗಿ ಬಿಟ್ಟರೆ ಅದು ಜಾರುತ್ತದೆ. ಎಂಟೇ ದಿನದಲ್ಲಿ ಕಲಿತೆ. ಜಾಣೆ ಎನ್ನಿಸಿಕೊಂಡೆ.

ಮಾವ ತೀರಿ ಹತ್ತೊಂಬತ್ತು ವರ್ಷವಾಯಿತು. ಕಟ್ಟೆ ಒಡೆದು ನೀರಿನ ಟ್ಯಾಂಕ್ ಇಟ್ಟಿದ್ದೇವೆ. ಸೆರಗನ್ನು ನಾನೀಗ ಸೊಂಟಕ್ಕೆ ಸಿಕ್ಕಿಸುತ್ತೇನೆ. ಸೆರಗು ತಲೆಯಿಂದ ಇಳಿದು ಎಷ್ಟೋ ಕಾಲವಾಗಿದೆ. ಅದನ್ನು ಹಿಡಿದ ಹೆಗಲು ಮಾತ್ರ ಇಳಿದಿಲ್ಲ.

ಅಲ್ಲ, ಅದು ಹೇಗೆ ಗೊತ್ತಾಗಲಿಲ್ಲ ನನಗೆ? ನನ್ನದೇ ಹೆಗಲು!

ನೆಟ್ಟಗೆ ಕೂಡಿ ಎಂದು ಶಬಾನಾ ಹೇಳಿ ಕಳಿಸಿದ್ದಳು. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಹುರುಪು ಬಂತು. ಪರೇಡಿನಲ್ಲಿ ನಿಂತ ಪೊಲೀಸಿನವರ ಹಾಗೆ ಎದೆಯುಬ್ಬಿಸಿ ಒಲೆಯ ಮುಂದೆ ಕುಳಿತೆ. ಸಂಜೆಗೆ ಹೆಗಲಿನ ಜೊತೆ ಬೆನ್ನೂ ನೋಯತೊಡಗಿತು. ನೀಲಮ್ಮ ಫೋನ್ ಹಚ್ಚಿ ಕೊಟ್ಟಳು. ಶಬಾನಾ ನಕ್ಕಳು. “ನೆಟ್ಟಗ ಕೂಡ್ರಿ ಅಂದಿನ್ರಿ ಅಮ್ಮಾ, ಬಿಗೀ ಹಿಡೀರಿ ಅಂದಿಲ್ಲ.”

ನೆಟ್ಟಗೆ ಬೇರೆ, ಬಿಗಿ ಬೇರೆ. ಅರವತ್ತಮೂರು ವರ್ಷ ಬದುಕಿದವಳಿಗೆ ಇದು ಹೊಸ ವಿಷಯ.

ಅವಳು ಹೇಳಿಕೊಟ್ಟದ್ದು ದೊಡ್ಡ ಆಸನಗಳೇನಲ್ಲ. ಮಣೆ ಒಂದು ಗೇಣು ಎತ್ತರವಿರಲಿ, ಆಗ ಸೊಂಟದ ಮೇಲೆ ಭಾರ ಬೀಳುವುದಿಲ್ಲ. ಹಿಟ್ಟಿನ ಪರಾತವನ್ನು ಹತ್ತಿರಕ್ಕೆ ಎಳೆದುಕೊಳ್ಳಿ, ನೀವು ಅದರ ಕಡೆ ಬಾಗಬೇಡಿ. ಬಡಿಯುವಾಗ ಉಸಿರು ಹೊರಗೆ ಬಿಡಿ. ಹತ್ತು ರೊಟ್ಟಿಗೊಮ್ಮೆ ಎದ್ದು ಬಾಗಿಲವರೆಗೆ ಹೋಗಿ ದೂರದ ಗುಡ್ಡ ನೋಡಿ ಬನ್ನಿ. ಎಲ್ಲಕ್ಕಿಂತ ಚೆಂದದ್ದು ಕೊನೆಯದು. ರೊಟ್ಟಿ ಹಂಚಿನ ಮೇಲೆ ಬಿದ್ದ ಮೇಲೆ ತಿರುವಿ ಹಾಕುವವರೆಗೆ ಸ್ವಲ್ಪ ಹೊತ್ತು ಇರುತ್ತದಲ್ಲ, ಅಷ್ಟು ಹೊತ್ತು ಹೆಗಲು ಎಲ್ಲಿದೆ ಎಂದು ನೋಡಿಕೊಳ್ಳಿ. ಮೇಲಿದ್ದರೆ ಇಳಿಸಿ. ಅಷ್ಟೇ.

ಅಷ್ಟೇ ಎಂದರೆ ಅಷ್ಟು ಸುಲಭವೇ? ಮೊದಲ ವಾರ ಹೆಗಲು ನೋಡಿಕೊಳ್ಳುತ್ತಾ ರೊಟ್ಟಿ ಮರೆತೆ. ನೀಲಮ್ಮ ಕರಿಯಾದ ರೊಟ್ಟಿಯನ್ನು ಎತ್ತಿ ತೋರಿಸಿ ಹೇಳಿದಳು. “ಅತ್ತಿ, ನಿಮ್ ಹೆಗಲು ಇಳೀತು, ಇದರ ಜೀವ ಹೋತು.” ದಿನಕ್ಕೆರಡು ರೊಟ್ಟಿ ಎಮ್ಮೆಯ ಪಾಲಾದವು.

ಅಕ್ಷತಾಗೆ ಇದೊಂದು ಆಟವಾಯಿತು. ಪಡಸಾಲೆಯಲ್ಲಿ ಓದುತ್ತಾ ಕುಳಿತವಳು ಇದ್ದಕ್ಕಿದ್ದಂತೆ, ಆಯಿ, ಯಾರ್ ಬಂದಾರ, ಎಂದು ಕೂಗುತ್ತಾಳೆ. ನನ್ನ ಹೆಗಲು ಥಟ್ಟನೆ ಇಳಿಯುತ್ತದೆ. ಒಂದು ದಿನ ನಾನೂ ಸೇಡು ತೀರಿಸಿಕೊಂಡೆ. ಅವಳು ಗಣಿತದ ಪುಸ್ತಕದ ಮೇಲೆ ಆಮೆಯ ಹಾಗೆ ಮುದುಡಿ ಕುಳಿತಿದ್ದಳು. ಯಾರು ಬಂದಿದ್ದಾರೆ ಎಂದು ಕೇಳಿದೆ. ತಲೆ ಎತ್ತದೆ ಉತ್ತರ ಕೊಟ್ಟಳು. “ಪರೀಕ್ಷಾ ಬಂದೈತಿ.”

ಆಮೇಲೆ ನನಗೆ ಎಲ್ಲೆಲ್ಲೂ ಇದೇ ಕಾಣತೊಡಗಿತು. ಬಸ್ಸಿನಲ್ಲಿ ಸೀಟು ಸಿಕ್ಕ ಮೇಲೂ ಕೈಚೀಲವನ್ನು ಯಾರೋ ಕಸಿದುಕೊಳ್ಳುವ ಹಾಗೆ ಅವುಚಿಕೊಂಡಿರುತ್ತೇನೆ. ಸೂಜಿಗೆ ದಾರ ಪೋಣಿಸುವಾಗ ಕಾಲ್ಬೆರಳು ಮಡಿಚಿಕೊಂಡಿರುತ್ತದೆ. (ದಾರಕ್ಕೂ ಕಾಲ್ಬೆರಳಿಗೂ ಏನು ಸಂಬಂಧ?) ಈ ಅಂಕಣ ಬರೆಯುವಾಗ ಪೆನ್ನನ್ನು ಕಳ್ಳನ ಕೊರಳಪಟ್ಟಿ ಹಿಡಿದ ಹಾಗೆ ಹಿಡಿದಿರುತ್ತೇನೆ. ನೀವು ಮೊಬೈಲ್ ನೋಡುವ ಭಂಗಿಯ ಬಗ್ಗೆ ನಾನು ಮಾತಾಡುವುದಿಲ್ಲ. ನಿಮಗೇ ಗೊತ್ತು.

ಒಂದು ಮಾತು. ನೋವಿದ್ದರೆ ಡಾಕ್ಟರಿಗೆ ತೋರಿಸಿ. ನನ್ನ ಬರಹ ಔಷಧವಲ್ಲ. ನನ್ನ ಕೈಯೂ ಪೂರ್ತಿ ವಾಸಿಯಾಗಿಲ್ಲ. ಆದರೆ ತಿಂಗಳು ಕಳೆಯುವಷ್ಟರಲ್ಲಿ ಅದು ಕಿವಿ ದಾಟಿ ತಲೆಯವರೆಗೆ ಹೋಯಿತು. ನನ್ನ ಜಡೆ ನಾನೇ ಹಾಕಿಕೊಂಡೆ. ಹತ್ತಕ್ಕೆ ನಿಲ್ಲುತ್ತಿದ್ದ ರೊಟ್ಟಿ ಮೂವತ್ತಕ್ಕೆ ಹೋಯಿತು. ಸುರಪುರಕ್ಕೆ ಆರ್ಡರ್ ಕೊಡಬೇಡ ಎಂದು ಮಗನಿಗೆ ಹೇಳಿದೆ. ಅವನು ಹೆಂಡತಿಯ ಮುಖ ನೋಡಿದ. ಅವಳು, ಇಬ್ಬರೂ ಕೂಡಿ ಮಾಡುತ್ತೇವೆ ಬಿಡಿ, ಎಂದಳು.

ಗೆದ್ದೆ ಎಂದುಕೊಂಡೆ.

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನೀಲಮ್ಮ ಒಲೆ ಹೊತ್ತಿಸಿ ಕುಳಿತಿದ್ದಳು. ಬಾಗಿಲಿಗೆ ಅವಳ ಬೆನ್ನು. ಏನೋ ಗುನುಗುತ್ತಾ ಬಡಿಯುತ್ತಿದ್ದಳು. ಕೈ ಸಲೀಸಾಗಿ ತಿರುಗುತ್ತಿತ್ತು, ಹೆಗಲು ತಣ್ಣಗೆ ಕೆಳಗಿತ್ತು. ಯಾರೂ ಹೇಳಿಕೊಡದೆ ಎಷ್ಟು ಚೆಂದ ಕುಳಿತಿದ್ದಾಳೆ ಎಂದುಕೊಂಡು ಹೊಸ್ತಿಲು ದಾಟಿದೆ. ನನ್ನ ಹೆಜ್ಜೆಯ ಸದ್ದಾಯಿತು.

ಗುನುಗು ನಿಂತಿತು. ಅವಳ ಎರಡೂ ಹೆಗಲು ಮೇಲೆದ್ದವು.

ನನಗೆ ರೂಢಿಯಾಗಿತ್ತಲ್ಲ, ನಗುತ್ತಲೇ ಕೇಳಿದೆ. “ಯಾರ್ ಬಂದಾರ ನೀಲಾ?”

ಅವಳು ತಿರುಗಲಿಲ್ಲ. ಹಂಚಿನ ಮೇಲಿನ ರೊಟ್ಟಿಯನ್ನೇ ನೋಡುತ್ತಾ ಹೇಳಿದಳು. “ನೀವ ಬಂದೀರಲ್ರಿ ಅತ್ತಿ.”

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ತಮಾಷೆಯೂ ಇರಲಿಲ್ಲ. ಇದ್ದದ್ದನ್ನು ಹೇಳಿದ್ದಳು.

ನಾನು ಬೈದವಳಲ್ಲ. ಸೆರಗು ಹೊದ್ದುಕೋ ಎಂದವಳೂ ಅಲ್ಲ. ಹದಿನಾರು ವರ್ಷದಿಂದ ಹಿಂದೆ ನಿಂತು ಒಂದೇ ಒಂದು ಮಾತು ಹೇಳುತ್ತಾ ಬಂದಿದ್ದೇನೆ. ಅಂಚು ಸ್ವಲ್ಪ ದಪ್ಪ. ಕಟ್ಟೆ ಒಡೆಸಿದೆವು ಎಂದುಕೊಂಡಿದ್ದೆ. ಅದರ ಮೇಲೆ ಹತ್ತಿ ಕುಳಿತವಳು ನಾನೇ!

ಇನ್ನೊಂದು ಮಣೆ ತಂದು ಅವಳ ಪಕ್ಕಕ್ಕೆ ಹಾಕಿಕೊಂಡೆ, ಹಿಂದೆ ಅಲ್ಲ. ಒಂದು ರೊಟ್ಟಿ ತೆಗೆದುಕೊಂಡೆ. ಅಂಚು ದಪ್ಪವಿತ್ತು. ಮುರಿದು ಬಾಯಿಗೆ ಹಾಕಿಕೊಂಡೆ. ಅವಳು ಕಾಯುತ್ತಿದ್ದಳು. ರುಚಿಯಾಗಿದೆ ಎಂದೆ, ರುಚಿಯಾಗಿಯೇ ಇತ್ತು. ಆಮೇಲೆ ಬಾಯಿ ಮುಚ್ಚಿಕೊಂಡೆ. (ಕೈ ಎತ್ತುವುದಕ್ಕಿಂತ ಇದು ಕಷ್ಟದ ವ್ಯಾಯಾಮ.) ನಾಲ್ಕನೇ ರೊಟ್ಟಿಗೋ ಐದನೆಯದಕ್ಕೋ ಅವಳ ಹೆಗಲು ಇಳಿಯಿತು. ಎಂಟನೆಯದಕ್ಕೆ ಗುನುಗು ಮತ್ತೆ ಶುರುವಾಯಿತು.

ನೂರು ರೊಟ್ಟಿ ಆದವು. ನನ್ನವು ನಲವತ್ತು, ಅವಳವು ಅರವತ್ತು. ಮರುದಿನ ಹೊಲದಲ್ಲಿ ಯಾವುದು ಯಾರದು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನನ್ನ ಹೆಗಲಿಗೆ ಶಬಾನಾ ಇದ್ದಳು. ನೀವು ಹೇಳಿ ಮೊಮ್ಮಕ್ಕಳೇ, ನೀವು ಒಳಗೆ ಕಾಲಿಟ್ಟಾಗ ನಿಮ್ಮ ಮನೆಯಲ್ಲಿ ಯಾರ ಹೆಗಲು ಮೇಲೇಳುತ್ತದೆ?