ನೇರಳೆ ತಿರುಗಿದ ಮೊಗ್ಗು

ನಾನು ಹಡಗಲಿ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದ ಎರಡನೆಯ ವರ್ಷ, ತೊಂಬತ್ತರ ದಶಕದ ಕೊನೆಯಲ್ಲಿ, ನಮ್ಮ ತೋಟದ ಮಲ್ಲಿಗೆ ಕೆಟ್ಟಿತು. ಬೆಳ್ಳಗೆ ನೀಳವಾಗಬೇಕಾದ ಮೊಗ್ಗು ತೊಟ್ಟಿನ ಬಳಿ ಊದಿ, ನೇರಳೆ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಉದುರುತ್ತಿತ್ತು. ಬುಟ್ಟಿಗಟ್ಟಲೆ ಬಿಡಿಸುತ್ತಿದ್ದ ಕಡೆ ಸೆರಗು ತುಂಬುವಷ್ಟೂ ಸಿಗದಾಯಿತು.

ಗಂಡ ಔಷಧದ ಅಂಗಡಿಗೆ ಓಡಿದರು. ಅಂಗಡಿಯವನು ವಾರಕ್ಕೊಂದು ಹೊಸ ಬಾಟಲಿ ಕೊಟ್ಟ. ಒಂದಕ್ಕೆ ಹುಳ ಬಗ್ಗದಿದ್ದರೆ ಎರಡು ಬೆರೆಸಿ ಹೊಡೆಯಿರಿ ಎಂದ. ಹೊಡೆದರು. ಬಿಂದಿಗೆಯ ನೀರಿಗೂ ಆ ವಾಸನೆ ಹತ್ತಿತು. ಮೊಗ್ಗು ಉದುರುವುದು ನಿಲ್ಲಲಿಲ್ಲ.

ಆ ಗಿಡಗಳನ್ನೆಲ್ಲ ನೆಟ್ಟವರು ಅತ್ತೆ. ಒಂದು ಮುಂಜಾನೆ, ಹಿಂದಿನ ಸಂಜೆಯಷ್ಟೇ ಔಷಧ ಹೊಡೆದ ಸಾಲಿಗೆ ಅವರು ಇಳಿದರು. ಇದ್ದಷ್ಟನ್ನಾದರೂ ಬಿಡಿಸಿ ಪೇಟೆಗೆ ಹೋಗುವ ಮೊದಲ ಬಸ್ಸಿಗೆ ಹಾಕಬೇಕೆಂಬ ಹಟ. ನಾನು ಪಕ್ಕದ ಸಾಲಿನಲ್ಲಿದ್ದೆ.

"ಕಣ್ಣು ಮಂಜಾಗಾಕತ್ಯಾವ ನೋಡವ್ವಾ," ಅಂದರು.

ನಾನು ಹತ್ತಿರ ಹೋಗುವಷ್ಟರಲ್ಲಿ ಗಿಡದ ಮೇಲೆಯೇ ಕುಸಿದಿದ್ದರು. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು. ಹಾಲಿನ ಟೆಂಪೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ನನ್ನ ಗಂಡ ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದರು. ಔಷಧ ಬೆರೆಸಿದ ಕೈ ಅದು.

ಅತ್ತೆ ಬದುಕಿದರು. ಆದರೆ ಬೆರಳುಗಳ ನಡುಕ ಹೋಗಲಿಲ್ಲ. ಮನೆಗೆ ಬಂದ ಮರುದಿನ ಗಂಡ ಗುದ್ದಲಿ ತೆಗೆದುಕೊಂಡು ತೋಟಕ್ಕಿಳಿದು ಗಿಡಗಳನ್ನು ಬುಡಸಮೇತ ಕೀಳತೊಡಗಿದರು.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಹೆಂಗಸು ಬಸ್ಸಿಳಿದು ಬಂದರು. ಕೀಟಗಳ ಬಗ್ಗೆ ಓದಿದ ಅಧಿಕಾರಿ. ಆಸ್ಪತ್ರೆಯ ಡಾಕ್ಟರು ಸುದ್ದಿ ಮುಟ್ಟಿಸಿದ್ದರು. ಆಗಲೇ ಮುಕ್ಕಾಲು ತೋಟ ಬಯಲಾಗಿತ್ತು. ಅವರು ನೇರಳೆ ಮೊಗ್ಗೊಂದನ್ನು ಸೂಜಿಯಿಂದ ಸೀಳಿ, ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಒಳಗೆ ಸಣ್ಣ ಹುಳಗಳು ಮಿಸುಕಾಡುತ್ತಿದ್ದವು.

"ಒಳಗ ಕುಂತ ಹುಳಕ್ಕ ನೀವು ಹೊಡಿಯೋ ಔಷಧ ತಾಕಂಗಿಲ್ರಿ. ಬೆಳೆದ ಮ್ಯಾಲೆ ಮಣ್ಣಿಗಿಳೀತೈತಿ. ಅಲ್ಲಿಂದ ನೊಣ ಆಗಿ ಮತ್ತ ಮೊಗ್ಗಿಗೆ ಬರ್ತೈತಿ."

"ಹಂಗಾದ್ರ ನಾನು ಹೊಡದದ್ದು ಯಾರಿಗ್ರಿ? ನಮ್ಮವ್ವಗಾ?" ಎಂದು ಗಂಡ ಗುದ್ದಲಿ ಬಿಸಾಕಿ ಬದುವಿನ ಮೇಲೆ ಕುಳಿತು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಉಳಿದದ್ದು ನಾಲ್ಕು ಸಾಲು. ಅದನ್ನು ಕೀಳಬೇಡಿ ಎಂದು ಆಕೆ ಕೇಳಿಕೊಂಡರು. ಕೆಟ್ಟ ಮೊಗ್ಗುಗಳನ್ನು ದಿನಾ ಆರಿಸಿ ಸುಡಲು, ಗಿಡದ ಬುಡದ ಮಣ್ಣು ಕೆದಕಿ ಬಿಸಿಲಿಗೆ ಬಿಡಲು ಕಲಿಸಿದರು. ಒಂದಷ್ಟು ಮೊಗ್ಗನ್ನು ಗಡಿಗೆಯೊಳಗಿನ ಹಸಿಮಣ್ಣಿನ ಮೇಲೆ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿಟ್ಟರು. ಕೆಲವು ದಿನಗಳಲ್ಲಿ ಬಟ್ಟೆಯ ಒಳಗಡೆ ಸೊಳ್ಳೆಗಿಂತ ಸಣ್ಣ ನೊಣಗಳು ಕುಳಿತಿದ್ದವು. ನಾನು ಆ ಗಡಿಗೆ ಹೊತ್ತು ಹೂ ಬೆಳೆಯುವವರ ಮನೆಮನೆಗೆ ಹೋದೆ.

"ಇಷ್ಟ ಸಣ್ಣದು ಇಷ್ಟು ಮಾಡತೈತಾ?" ಎಂದು ನಕ್ಕವರೂ ಇದ್ದರು. "ನಮ್ಮ ತ್ವಾಟ ನಾವು ನೋಡ್ಕೋತೀವಿ ಬಿಡು," ಎಂದು ಬಾಗಿಲು ಹಾಕಿಕೊಂಡವರೂ ಇದ್ದರು. ನೊಣಕ್ಕೆ ಬದು ಗೊತ್ತಿಲ್ಲ. ಅವರ ತೋಟದಿಂದ ನಮ್ಮಲ್ಲಿಗೆ ಬರುತ್ತಲೇ ಇತ್ತು. ಆರು ಮನೆಯವರು ಮಾತ್ರ ಕೈಜೋಡಿಸಿದರು. ಮುಂದಿನ ಬೇಸಿಗೆಗೆ ನಮ್ಮ ನಾಲ್ಕು ಸಾಲಿನಲ್ಲಿ ಅರ್ಧದಷ್ಟು ಮೊಗ್ಗು ಬೆಳ್ಳಗೆ ಉಳಿಯಿತು.

ವರ್ಗವಾಗಿ ಹೋಗುವ ಮುನ್ನ ಆ ಅಧಿಕಾರಿ ಅತ್ತೆಯನ್ನು ನೋಡಲು ಬಂದರು.

"ಈ ಹುಳ ಪಕ್ಕದ ಊರಾಗ ಬಂದದ್ದು ನನಗ ಮೊದಲ ಗೊತ್ತಿತ್ತು, ಅವ್ವಾರ. ಇರಾಕಿ ನಾನೊಬ್ಬಾಕಿ, ಊರು ಎಷ್ಟೋ. ನಿಮ್ಮೂರಿಗೆ ಬರಾಕ ತಡ ಆತು," ಎಂದರು.

"ಹುಳಕ್ಕ ಹಾದಿ ಹೇಳ್ದಿ. ಈ ಕೈಗೇನರ ಐತೇನವ್ವಾ?" ಅತ್ತೆ ನಡುಗುವ ಎರಡೂ ಕೈ ಮುಂದೆ ಚಾಚಿದರು.

ಆಕೆ ಆ ಕೈಗಳನ್ನು ಹಿಡಿದು, ಬಸ್ಸು ಬರುವತನಕ ನಮ್ಮ ಕಟ್ಟೆಯ ಮೇಲೆ ಕುಳಿತೇ ಇದ್ದರು.