ಮಾವನವರ ಡ್ರೋನಿಗೆ ಸೇವಂತಿಗೆ ಮಾಲೆ

ನಮ್ಮ ಮಾವ ನಾಗಭೂಷಣರು ಕುಕ್ಕರಿನಿಂದ ಕುರ್ಚಿಯವರೆಗೆ ಎಲ್ಲವನ್ನೂ ಕೈಯಲ್ಲಿ ಎತ್ತಿ, ತೂಕ ನೋಡಿಯೇ ಕೊಳ್ಳುವವರು. ಮೊಮ್ಮಗಳು ವಚನಾಳ ಮೊದಲ ಹುಟ್ಟುಹಬ್ಬವನ್ನು ಮೇಲಿನಿಂದ ಚಿತ್ರೀಕರಿಸಲು ಕ್ಯಾಮೆರಾ ಡ್ರೋನ್ ಬೇಕೆಂದು ರಾಜಾಜಿನಗರದ ಅಂಗಡಿಗೆ ಹೋದಾಗಲೂ ಎಲ್ಲಕ್ಕಿಂತ ಭಾರದ್ದನ್ನೇ ಹಿಡಿದರು. ಅದು ಮಗುವಿನ ತಲೆಯ ಮೇಲೆ ಬಿದ್ದಂತೆ ನನಗೆ ಅಲ್ಲೇ ಕಂಡಿತು. ಹಟ ಹಿಡಿದು ಹಗುರದ್ದನ್ನೇ ತೆಗೆಸಿದೆ.

"ಹಪ್ಪಳ ಇದ್ದಂಗಿದೆಯಲ್ಲಮ್ಮ," ಎಂದರು ಮಾವ.

ಹುಟ್ಟುಹಬ್ಬದ ದಿನ ನಮ್ಮ ತಾರಸಿಯಲ್ಲಿ, ಹೊಸ ಸ್ಕೂಟರಿಗೆ ಮಾಡುವಂತೆ ಡ್ರೋನಿಗೂ ಪೂಜೆಯಾಯಿತು. ಮಾವ ಅದರ ಹೊಟ್ಟೆಗೆ ಸೇವಂತಿಗೆ ಮಾಲೆ ಸುತ್ತಿ, ನಿಂಬೆಹಣ್ಣನ್ನೂ ಕಟ್ಟಿದರು. ರೆಕ್ಕೆಗಳು ಗಿರಗಿರ ತಿರುಗಿದವು. ಡ್ರೋನ್ ಮಾತ್ರ ಮೇಲೇಳಲಿಲ್ಲ.

"ನೋಡು, ಭಾರದ್ದಾಗಿದ್ರೆ ಎತ್ಕೊಂಡು ಹೋಗ್ತಿತ್ತು. ಮಾಲೆ ಬಿಚ್ಲಾ?" ಎಂದರು.

ಶಕುನ ಗಿಕುನ ನಂಬದ ನಾನು ಮಗುವಿನ ತಲೆಗೆ ಅಂಗೈ ಮುಚ್ಚಿ ಎದೆಗೊತ್ತಿಕೊಂಡು ಹೇಳಿದೆ: "ಬೇಡ ಮಾವ, ಪೂಜೆ ಮಾಡಿದ ದಿನಾನೇ ಬಿಚ್ಚಿದ್ರೆ ಒಳ್ಳೇದಲ್ಲ."